ಬೆಟ್ಟದ ಪಕ್ಕದ ಊರಿಗೆ ಮೂರು ದಿನ: ಎಂಥ ಊರನ್ನು ಆರಿಸಬೇಕು?

ಮೂರು ದಿನ ರಜೆ ಸಿಕ್ಕಿದೆ. ಬೆಟ್ಟ ನೋಡಬೇಕು, ಜೊತೆಗೆ ಓಡಾಡಲು ಒಂದು ಒಳ್ಳೆಯ ಊರೂ ಇರಬೇಕು. ಇಷ್ಟು ಅಂದುಕೊಂಡು ಹುಡುಕಲು ಕೂತರೆ ಹತ್ತಾರು ಹೆಸರು ಬರುತ್ತವೆ. ಶಿಮ್ಲಾ, ಡಾರ್ಜಿಲಿಂಗ್, ಪೋಖರಾ, ಲೇಹ್. ಇನ್ನೂ ದೂರ ಹೋಗುವವರಿಗೆ ಇನ್ಸ್‌ಬ್ರುಕ್, ಲ್ಯೂಸರ್ನ್, ಡೆನ್ವರ್. ಎಲ್ಲ ಊರಿನ ಫೋಟೊದಲ್ಲೂ ಅದೇ ನೀಲಿ ಆಕಾಶ, ಅದೇ ಬಿಳಿ ಶಿಖರ. ಫೋಟೊ ನೋಡಿ ಆರಿಸಲು ಆಗುವುದಿಲ್ಲ.

ಇಂಥ ಸಣ್ಣ ಪ್ರವಾಸಕ್ಕೆ ನಾನು ದಿನಗಳ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ನನಗೆ ಅಲ್ಲಿ ಎಷ್ಟು ಮುಂಜಾನೆ ಸಿಗುತ್ತದೆ ಎಂದು ನೋಡುತ್ತೇನೆ. ಯಾಕೆಂದರೆ ಬೆಟ್ಟ ಚೆನ್ನಾಗಿ ಕಾಣುವುದು ಬೆಳಗ್ಗೆಯೇ. ಬಿಸಿಲು ಏರಿದ ಹಾಗೆ ಬೆಟ್ಟದ ಇಳಿಜಾರು ಕಾಯುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಮೇಲೆ ಹೋದ ಗಾಳಿ ತಣ್ಣಗಾಗಿ, ಅದರಲ್ಲಿದ್ದ ತೇವ ಮೋಡವಾಗುತ್ತದೆ. ಹಾಗಾಗಿ ಆರು ಗಂಟೆಗೆ ಸ್ಪಷ್ಟವಾಗಿ ಕಂಡ ಶಿಖರ ಹತ್ತು ಗಂಟೆಗೆ ಕಾಣದೇ ಹೋಗಬಹುದು. ಮೂರು ದಿನ, ಎರಡು ರಾತ್ರಿ ಅಂದರೆ ನಿಮ್ಮ ಕೈಯಲ್ಲಿ ಇರುವುದು ಎರಡೇ ಮುಂಜಾನೆ.

ಡಾರ್ಜಿಲಿಂಗ್‌ನಲ್ಲಿ ನನಗಾದದ್ದು ಹೇಳುತ್ತೇನೆ. ಮೊದಲ ದಿನ ಬೆಳಗಿನ ಜಾವ ಮೂರೂವರೆಗೆ ಎದ್ದು, ಜೀಪಿನಲ್ಲಿ ಸೂರ್ಯೋದಯ ನೋಡುವ ಜಾಗವಾದ ಟೈಗರ್ ಹಿಲ್‌ಗೆ ಹೋದೆವು. ಮುಂದೆ ನಿಂತವರ ಟೋಪಿ ಬಿಟ್ಟರೆ ಏನೂ ಕಾಣಲಿಲ್ಲ. ಸುತ್ತ ಬರೀ ಮಂಜು. ಮಾರನೆ ದಿನ ಎಲ್ಲೂ ಹೋಗಲಿಲ್ಲ. ಐದು ಗಂಟೆ ಸುಮಾರಿಗೆ ಎಚ್ಚರವಾಗಿ ಕಿಟಕಿಯ ಪರದೆ ಸರಿಸಿದೆ. ಕೆಳಗೆ ಕಣಿವೆಯಲ್ಲಿ ಇನ್ನೂ ಕತ್ತಲು, ಮನೆಗಳ ದೀಪ ಉರಿಯುತ್ತಿತ್ತು. ಆದರೆ ಮೇಲೆ, ಮೋಡ ಇರಬೇಕಾದ ಎತ್ತರದಲ್ಲಿ, ಒಂದು ತುಂಡು ಕೆಂಪು. ಅದು ಕಾಂಚನಜುಂಗಾದ ತುದಿ. 8,586 ಮೀಟರ್ ಎತ್ತರದ ಶಿಖರ ಅದು, ಬಿಸಿಲು ಮೊದಲು ತಾಗುವುದು ಅದಕ್ಕೇ. ಕೆಂಪು ನಿಧಾನವಾಗಿ ಕೆಳಗೆ ಇಳಿಯಿತು, ಹೊಂಬಣ್ಣವಾಯಿತು, ಆಮೇಲೆ ಬೆಳ್ಳಗಾಯಿತು. ತಿಂಡಿ ಮುಗಿಸಿ ಬಂದು ನೋಡಿದರೆ ಅಲ್ಲಿ ಬೂದು ಮೋಡ. ಆ ಎರಡನೇ ಮುಂಜಾನೆ ಇಲ್ಲದಿದ್ದರೆ ನಾನು ಕಾಂಚನಜುಂಗಾ ನೋಡದೆಯೇ ವಾಪಸ್ ಬರುತ್ತಿದ್ದೆ.

ಅಂದಿನಿಂದ ಬೆಟ್ಟದ ಪಕ್ಕದ ಊರುಗಳನ್ನು ನಾನು ಮೂರು ಥರ ಮಾಡಿಕೊಂಡಿದ್ದೇನೆ: ಊರಿನಿಂದಲೇ ಬೆಟ್ಟ ಹತ್ತಬಹುದಾದ ಊರು, ಬೆಟ್ಟ ಕಂಡರೂ ಗಂಟೆಗಟ್ಟಲೆ ದೂರ ಇರುವ ಊರು, ಬೆಟ್ಟದ ಮೇಲೇ ಇರುವ ಊರು.

ಊರಿನಿಂದಲೇ ಬೆಟ್ಟ ಹತ್ತುವಂತಿದ್ದರೆ

ಸಮಯ ಕಮ್ಮಿ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಇದಕ್ಕೆ ತುಂಬ ಒಳ್ಳೆಯ ಉದಾಹರಣೆ. ಊರು ಇರುವುದು 574 ಮೀಟರ್ ಎತ್ತರದಲ್ಲಿ. ಹಳೇ ಪೇಟೆಯ ಅಂಚಿನಲ್ಲೇ ಹಳಿಯ ಮೇಲೆ ಹತ್ತುವ ಗಾಡಿಯ ನಿಲ್ದಾಣ ಇದೆ. ಈ ಸಾಲಿನ ನಿಲ್ದಾಣಗಳನ್ನು ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಝಹಾ ಹದೀದ್, ತೆರೆದದ್ದು 2007ರಲ್ಲಿ. ಅದು ಹುಂಗರ್‌ಬುರ್ಗ್ ಎಂಬ ಎತ್ತರದ ಬಡಾವಣೆಗೆ ಬಿಡುತ್ತದೆ. ಅಲ್ಲಿಂದ ಕೇಬಲ್ ಕಾರ್ ಹತ್ತಿದರೆ 1,905 ಮೀಟರ್‌ನ ಜೆಗ್ರೂಬೆ, ಇನ್ನೊಂದು ಹತ್ತಿದರೆ ಸುಮಾರು 2,270 ಮೀಟರ್‌ನ ಹಾಫೆಲೆಕಾರ್. ಕಾಯುವ ಹೊತ್ತು ಬಿಟ್ಟರೆ ಪೇಟೆಯಿಂದ ಅರ್ಧ ಗಂಟೆ ಸಾಕು. ಒಂದು ಕಡೆ ತಿರುಗಿದರೆ ಕೆಳಗೆ ಊರು, ನದಿ, ವಿಮಾನ ನಿಲ್ದಾಣದ ರನ್‌ವೇ. ಇನ್ನೊಂದು ಕಡೆ ಒಂದು ಮನೆಯೂ ಇಲ್ಲದ ಬೋಳು ಬಂಡೆಯ ಸಾಲು.

ಇಂಥ ಊರಿನ ದೊಡ್ಡ ಅನುಕೂಲ ಏನು ಗೊತ್ತಾ? ಬೆಟ್ಟಕ್ಕೆ ಯಾವಾಗ ಹೋಗುವುದು ಅಂತ ಮೊದಲೇ ತೀರ್ಮಾನ ಮಾಡಬೇಕಿಲ್ಲ. ಬೆಳಗ್ಗೆ ಎದ್ದು ಕಿಟಕಿಯಿಂದ ನೋಡಿ. ತಿಳಿಯಾಗಿದ್ದರೆ ಮೊದಲ ಗಾಡಿಗೇ ಹೊರಡಿ. ಮೋಡ ಇದ್ದರೆ ಹಳೇ ಪೇಟೆ ಸುತ್ತಿ, 1500ರ ಸುಮಾರಿಗೆ ಕಟ್ಟಿದ ಹೊನ್ನಿನ ಸೂರು (ಚಿನ್ನದ ಲೇಪದ ಹೆಂಚು ಹೊದಿಸಿದ ಮಾಡು) ನೋಡಿ, ಬೆಟ್ಟವನ್ನು ನಾಳೆಗೆ ಇಟ್ಟುಕೊಳ್ಳಿ. ದಿನ ಹಾಳಾಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ ಇದಕ್ಕೆ ಹತ್ತಿರದ ಊರು. ಬೆಟ್ಟ ಊರಿನ ಒಳಗಿಲ್ಲ, ಆದರೆ ಪಕ್ಕದಲ್ಲೇ ಎರಡಿವೆ, ರಿಗಿ ಮತ್ತು ಪಿಲಾಟಸ್. ಎರಡಕ್ಕೂ ಹೋಗುವ ದಾರಿಯಲ್ಲಿ ಸರೋವರದ ದೋಣಿ ಪ್ರಯಾಣ ಸೇರಿಸಬಹುದು. ಒಂದೇ ಬೆಟ್ಟಕ್ಕೆ ಸಮಯ ಇದ್ದರೆ ನಾನು ಹೇಳುವುದು ಪಿಲಾಟಸ್. ಅಲ್ಲಿನ ಹಲ್ಲುಹಳಿ ರೈಲು, ಅಂದರೆ ಹಳಿಗಳ ನಡುವಿನ ಹಲ್ಲಿನ ಪಟ್ಟಿಗೆ ಹಲ್ಲುಗಾಲಿ ಕಚ್ಚಿಕೊಂಡು ಹತ್ತುವ ರೈಲು, 1889ರಿಂದ ಓಡುತ್ತಿದೆ. ಅದರ ಅತಿ ಕಡಿದಾದ ಜಾಗದಲ್ಲಿ ಏರು 48 ಶೇಕಡಾ. ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 48 ಮೀಟರ್ ಮೇಲೆ. ದೋಣಿಯಲ್ಲಿ ಹೋಗಿ, ರೈಲಿನಲ್ಲಿ ಹತ್ತಿ, ಇನ್ನೊಂದು ಬದಿಯಿಂದ ಕೇಬಲ್ ಕಾರ್‌ನಲ್ಲಿ ಇಳಿದು, ಬಸ್ಸಿನಲ್ಲಿ ಊರಿಗೆ ವಾಪಸ್ ಬರಬಹುದು. ಹೋದ ದಾರಿಯಲ್ಲೇ ಬರಬೇಕಿಲ್ಲ. ಚಳಿಗಾಲದಲ್ಲಿ ಮಾತ್ರ ಈ ಹಲ್ಲುಹಳಿ ರೈಲು ಇರುವುದಿಲ್ಲ, ಕೇಬಲ್ ಕಾರ್‌ನಲ್ಲೇ ಹೋಗಿ ಬರಬೇಕು. ಜೊತೆಯಲ್ಲಿ ಮಕ್ಕಳಿದ್ದು ಕಡಿದಾದ ಜಾಗ ಅಂದರೆ ಭಯ ಅನ್ನುವವರು ರಿಗಿಗೆ ಹೋಗಲಿ. ಅಲ್ಲಿ ಇಳಿಜಾರು ಸೌಮ್ಯ, ಹುಲ್ಲುಗಾವಲು ಜಾಸ್ತಿ.

ಊರಿನಿಂದಲೇ ಹತ್ತಬಹುದು ಅಂದ ಮಾತ್ರಕ್ಕೆ ಎಲ್ಲ ಊರೂ ಸುಲಭ ಅಂತಲ್ಲ. ಈಕ್ವೆಡಾರ್‌ನ ಕೀಟೋದಲ್ಲೂ ಊರ ಅಂಚಿನಿಂದ ಕೇಬಲ್ ಕಾರ್ ಇದೆ. ಆದರೆ ಊರೇ 2,850 ಮೀಟರ್ ಎತ್ತರದಲ್ಲಿದೆ, ಕೇಬಲ್ ಕಾರ್ ಬಿಡುವುದು ಸುಮಾರು 4,000 ಮೀಟರ್‌ನಲ್ಲಿ. ಬಂದ ದಿನವೇ ಅದನ್ನು ಹತ್ತಬಾರದು.

ಬೆಟ್ಟ ಕಾಣುತ್ತದೆ, ಆದರೆ ದೂರ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತೇವಲ್ಲ, ಅಮೆರಿಕದ ಡೆನ್ವರ್‌ನಲ್ಲಿ ಅದು ಅಕ್ಷರಶಃ ನಿಜ. ಊರಿನ ಪಶ್ಚಿಮಕ್ಕೆ ನೋಡಿದರೆ ರಾಕಿ ಪರ್ವತದ ಸಾಲು ಇಲ್ಲೇ ಇದೆ ಅನ್ನಿಸುತ್ತದೆ. ಆದರೆ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಬಾಗಿಲಿನಂತಿರುವ ಎಸ್ಟೆಸ್ ಪಾರ್ಕ್ ತಲುಪಲು ಕಾರಿನಲ್ಲಿ ಒಂದೂವರೆ ಗಂಟೆಯಾದರೂ ಬೇಕು. ವಾರಾಂತ್ಯದಲ್ಲಿ ಬೆಟ್ಟದ ಕಡೆಗಿನ ಹೆದ್ದಾರಿಗಳಲ್ಲಿ ಸಾಲುಗಟ್ಟಿ ನಿಲ್ಲಬೇಕು. ಇನ್ನೊಂದು ವಿಷಯ, ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು. ಎತ್ತರದ ಬಯಲಿನಲ್ಲಿ ನಡೆಯುವವರು ಮಧ್ಯಾಹ್ನದೊಳಗೆ ಕೆಳಗಿಳಿಯಬೇಕು ಅಂತ ಅಲ್ಲಿನವರು ಹೇಳುವುದು ಸುಮ್ನೆ ಅಲ್ಲ. ಅಂದರೆ ಐದು ಗಂಟೆಗೆ ಊರು ಬಿಟ್ಟರೆ ಮಾತ್ರ ಆ ಮುಂಜಾನೆ ನಿಮ್ಮದು. ಎಂಟಕ್ಕೆ ಎದ್ದು ತಿಂಡಿ ತಿಂದು ಹೊರಟರೆ ಅದು ರಸ್ತೆಯಲ್ಲೇ ಕಳೆದುಹೋಗುತ್ತದೆ.

ಹಾಗಂತ ಈ ಥರದ ಊರು ಬೇಡ ಅಂತಲ್ಲ. ಇವು ಸಾಮಾನ್ಯವಾಗಿ ದೊಡ್ಡ ಊರುಗಳು. ವಿಮಾನಗಳು ಜಾಸ್ತಿ, ಮ್ಯೂಸಿಯಂಗಳು ಜಾಸ್ತಿ, ಮಳೆ ಬಂದರೂ ದಿನ ತುಂಬಿಸಬಹುದು. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಬೆಟ್ಟ, ಇನ್ನೊಬ್ಬರಿಗೆ ಊರು ಇಷ್ಟ ಅಂದರೆ ಇಂಥ ಊರೇ ಸರಿ. ಇಂಥವುಗಳಲ್ಲಿ ರೈಲು ಇರುವ ಊರನ್ನು ಆರಿಸಿ. ಜರ್ಮನಿಯ ಮ್ಯೂನಿಕ್‌ನಿಂದ ಗಾರ್ಮಿಶ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಹೋಗಬಹುದು. ಅಲ್ಲಿಂದ ಮುಂದೆ 2,962 ಮೀಟರ್‌ನ ಝುಗ್‌ಸ್ಪಿಟ್ಜೆ, ಅದು ಆ ದೇಶದ ಅತಿ ಎತ್ತರದ ಶಿಖರ. ತುದಿಯವರೆಗೂ ಕಾರು ಬೇಕಿಲ್ಲ. ರೈಲಿನಲ್ಲಿ ನಿದ್ದೆ ಮಾಡಬಹುದು, ಸ್ಟೀರಿಂಗ್ ಹಿಡಿದು ಮಾಡಲಾಗುವುದಿಲ್ಲ ಅಲ್ವಾ?

ಇನ್ನೊಂದು ದಾರಿಯೂ ಇದೆ. ಎರಡು ರಾತ್ರಿಯಲ್ಲಿ ಒಂದನ್ನು ಬೆಟ್ಟದ ಬುಡದ ಸಣ್ಣ ಊರಿನಲ್ಲೇ ಕಳೆಯುವುದು. ಹೋಟೆಲ್ ಬದಲಿಸುವ ತಾಪತ್ರಯ ಇದ್ದೇ ಇದೆ. ಆದರೆ ಎದ್ದ ತಕ್ಷಣ ಬೆಟ್ಟದ ಎದುರಿಗೆ ಇರುತ್ತೀರಿ. ನನಗೆ ಈ ತಾಪತ್ರಯ ಒಪ್ಪಿಗೆ.

ಬೆಟ್ಟದ ಮೇಲಿನ ಊರು

ಶಿಮ್ಲಾ, ಡಾರ್ಜಿಲಿಂಗ್ ಥರದ ಊರುಗಳಲ್ಲಿ ಬೆಟ್ಟಕ್ಕೆ ಹೋಗುವ ಪ್ರಶ್ನೆಯೇ ಇಲ್ಲ, ಇರುವುದೇ ಅಲ್ಲಿ. ಎರಡೂ 2,000 ಮೀಟರ್ ದಾಟಿದ ಊರುಗಳು. ಮುಂಜಾನೆ ಕಿಟಕಿಗೇ ಬರುತ್ತದೆ. ಆದರೆ ಅದಕ್ಕೆ ಬೇರೆ ಕಡೆ ಬೆಲೆ ಕೊಡಬೇಕು. ಹತ್ತಲು ಅರ್ಧ ದಿನ, ಇಳಿಯಲು ಅರ್ಧ ದಿನ.

ಶಿಮ್ಲಾಕ್ಕೆ ಹೋಗುವವರು ಕಾಲ್ಕಾದಿಂದ ಟಾಯ್ ಟ್ರೈನ್ ಹಿಡಿದರೆ ಆ ಅರ್ಧ ದಿನ ನಷ್ಟ ಅನ್ನಿಸುವುದಿಲ್ಲ. 1903ರಲ್ಲಿ ಶುರುವಾದ ಹಳಿ ಅದು, 96 ಕಿಲೋಮೀಟರ್ ಉದ್ದ, ನೂರಕ್ಕೂ ಜಾಸ್ತಿ ಸುರಂಗ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಐದು ಗಂಟೆ ಸುಮಾರಿನ ಪ್ರಯಾಣ. ಪೈನ್ ಮರಗಳ ನಡುವೆ ಹೋಗುತ್ತಾ, ಈಗಷ್ಟೇ ದಾಟಿ ಬಂದ ಹಳಿ ಕೆಳಗಿನ ತಿರುವಿನಲ್ಲಿ ಕಾಣುವುದೇ ಒಂದು ಚೆಂದ. ಹೋಗುವಾಗ ರೈಲು, ಬರುವಾಗ ರಸ್ತೆ. ಇದು ನನ್ನ ಆಯ್ಕೆ.

ಡಾರ್ಜಿಲಿಂಗ್‌ನಲ್ಲಿ ನನ್ನ ಲೆಕ್ಕ ಉಲ್ಟಾ. 1881ರ ಅಲ್ಲಿನ ಟಾಯ್ ಟ್ರೈನ್ ಹಳಿಗೂ ಅಷ್ಟೇ ಹೆಸರಿದೆ. ಆದರೆ ನ್ಯೂ ಜಲಪಾಯಿಗುರಿಯಿಂದ ಪೂರ್ತಿ 88 ಕಿಲೋಮೀಟರ್ ಹತ್ತಲು ಏಳು ಗಂಟೆಗೂ ಮೀರಿ ಹಿಡಿಯುತ್ತದೆ. ಮೂರು ದಿನದ ಪ್ರವಾಸದಲ್ಲಿ ಅಷ್ಟು ಹೊತ್ತು ಕೊಡಲಾಗುವುದಿಲ್ಲ. ಜೀಪಿನಲ್ಲಿ ಹತ್ತಿ. ಮೇಲೆ ಹೋದ ಮೇಲೆ ಡಾರ್ಜಿಲಿಂಗ್‌ನಿಂದ ಘೂಮ್‌ವರೆಗೆ ಹೋಗಿಬರುವ ಜಾಯ್ ರೈಡ್ ತೆಗೆದುಕೊಳ್ಳಿ. ಎರಡು ಗಂಟೆಯಲ್ಲಿ ಮುಗಿಯುತ್ತದೆ. ಬತಾಸಿಯಾ ಲೂಪ್‌ನಲ್ಲಿ ರೈಲು ವೃತ್ತ ಹಾಕುವುದನ್ನೂ ನೋಡಬಹುದು.

ಘಾಟಿ ರಸ್ತೆಯಲ್ಲಿ ಹೊಟ್ಟೆ ತೊಳಸುವವರು ನಿಮ್ಮ ಜೊತೆ ಇದ್ದರೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ನೋಡಬೇಡಿ ಅಂತ ಹೇಳಿ. ದೂರದ ರಸ್ತೆ ನೋಡುತ್ತಿದ್ದರೆ ತೊಂದರೆ ಕಮ್ಮಿ.

ಎತ್ತರದ ಮಾತು

ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಬರುವ ಸಾಧ್ಯತೆ ಇದೆ. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು. ತೊಂದರೆ ಬಂದ ಕೂಡಲೇ ಗೊತ್ತಾಗುವುದಿಲ್ಲ. ಹೆಚ್ಚಾಗಿ ತಲುಪಿದ ಆರರಿಂದ ಹನ್ನೆರಡು ಗಂಟೆಯಲ್ಲಿ ಶುರುವಾಗುತ್ತದೆ. ಮಧ್ಯಾಹ್ನ ವಿಮಾನ ಇಳಿದವರು ಸಂಜೆ ಉತ್ಸಾಹದಲ್ಲಿ ಊರು ಸುತ್ತಿ, ರಾತ್ರಿ ತಲೆ ಹಿಡಿದು ಕೂರುವುದು ಇದಕ್ಕೇ. ವಯಸ್ಸು ಚಿಕ್ಕದು, ಮೈ ಗಟ್ಟಿ ಇದೆ ಅಂದ ಮಾತ್ರಕ್ಕೆ ತಪ್ಪುವುದಿಲ್ಲ.

ಲೇಹ್ ಇರುವುದು ಸುಮಾರು 3,500 ಮೀಟರ್‌ನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. ವಿಮಾನದಲ್ಲಿ ನೇರ ಹೋದವರು ಮೊದಲ ಒಂದೆರಡು ದಿನ ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳಬೇಕು. ಮೂರು ದಿನದ ರಜೆಯಲ್ಲಿ ಇನ್ನು ಉಳಿಯುವುದು ಒಂದೇ ದಿನ. ಹಾಗಾಗಿ ಲೇಹ್ ಎಷ್ಟೇ ಸುಂದರವಾಗಿದ್ದರೂ ಮೂರು ದಿನಕ್ಕೆ ಬೇಡ. ಒಂದು ವಾರ ಸಿಕ್ಕಾಗ ಹೋಗಿ. ಪೆರುವಿನ ಕುಸ್ಕೊ ಕೂಡ 3,400 ಮೀಟರ್. ಅಲ್ಲಿ ತಿಳಿದವರು ಒಂದು ಉಪಾಯ ಮಾಡುತ್ತಾರೆ. ಕುಸ್ಕೊದಲ್ಲಿ ವಿಮಾನ ಇಳಿದ ತಕ್ಷಣ, ಅದಕ್ಕಿಂತ ತಗ್ಗಿನಲ್ಲಿರುವ ಪಕ್ಕದ ಕಣಿವೆಗೆ ಹೋಗಿ ಮಲಗುತ್ತಾರೆ. ಹಳೆಯ ಇಂಕಾ ಊರಾದ ಮಾಚು ಪಿಚು ಸಹ ಕುಸ್ಕೊಗಿಂತ ಸುಮಾರು 1,000 ಮೀಟರ್ ತಗ್ಗಿನಲ್ಲಿದೆ. ಅದನ್ನು ಮೊದಲು ನೋಡಿ, ಕುಸ್ಕೊ ಊರನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹಗಲು ಎಷ್ಟು ಎತ್ತರ ಹೋದೆವು ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆವು ಅನ್ನುವುದು ದೇಹಕ್ಕೆ ಮುಖ್ಯ.

ತಲೆನೋವು ಜಾಸ್ತಿಯಾಗುತ್ತಾ ಹೋದರೆ, ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಕೆಳಗಿಳಿದು ವೈದ್ಯರನ್ನು ನೋಡಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕೇಳಬೇಕು.

ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವ ಊರು ನೇಪಾಳದ ಪೋಖರಾ. ಅದು ಇರುವುದು ಬರೀ 800 ಮೀಟರ್ ಆಸುಪಾಸಿನಲ್ಲಿ. ಆದರೆ ಎದುರಿಗೆ ಅನ್ನಪೂರ್ಣ ಸಾಲು, 8,000 ಮೀಟರ್ ದಾಟಿದ ಶಿಖರವೂ ಅದರಲ್ಲಿದೆ. ಮಧ್ಯದಲ್ಲಿ ಮೀನಿನ ಬಾಲದಂತೆ ಸೀಳಿದ ಮಚ್ಛಪುಚ್ಛ್ರೆ, 6,993 ಮೀಟರ್. ಇಷ್ಟು ತಗ್ಗಿನಲ್ಲಿ ಕೂತು ಅಷ್ಟು ಎತ್ತರ ನೋಡುವ ಊರುಗಳು ಜಗತ್ತಿನಲ್ಲಿ ತುಂಬ ಇಲ್ಲ. ಉಸಿರಾಟಕ್ಕೆ ತೊಂದರೆ ಇಲ್ಲ, ಚಳಿಯೂ ಮಿತವಾಗಿರುತ್ತದೆ. ಗಾಳಿ ಇಲ್ಲದ ಬೆಳಗ್ಗೆ ಫೇವಾ ಸರೋವರದ ನೀರಿನಲ್ಲಿ ಹಿಮದ ಸಾಲು ತಲೆಕೆಳಗಾಗಿ ಕಾಣುತ್ತದೆ. ಮೊದಲ ದೋಣಿ ಹೊರಟಿತೋ, ಅಲೆ ಬಂದು ಚಿತ್ರ ಮುರಿಯುತ್ತದೆ. ಅದಕ್ಕೂ ಮೊದಲೇ ದಡದಲ್ಲಿರಬೇಕು. ಕಾಠ್ಮಂಡುವಿನಿಂದ ಅಲ್ಲಿಗೆ ರಸ್ತೆಯಲ್ಲಿ 200 ಕಿಲೋಮೀಟರ್ ಅಷ್ಟೇ, ಆದರೆ ಇಡೀ ಹಗಲು ಹೋಗುತ್ತದೆ. ವಿಮಾನದಲ್ಲಿ ಅರ್ಧ ಗಂಟೆ. ಮೂರು ದಿನ ಇರುವವರು ವಿಮಾನವನ್ನೇ ಹಿಡಿಯಬೇಕು.

ಯಾವ ತಿಂಗಳು

ಊರು ಆರಿಸುವುದಕ್ಕಿಂತ ತಿಂಗಳು ಆರಿಸುವುದು ಮುಖ್ಯ ಆಗುವ ಸಂದರ್ಭಗಳೂ ಇವೆ. ಹಿಮಾಲಯದ ಊರುಗಳಿಗೆ ಅಕ್ಟೋಬರ್ ಮತ್ತು ನವೆಂಬರ್. ಮಳೆ ಗಾಳಿಯನ್ನು ತೊಳೆದು ಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೋಖರಾದಲ್ಲಿ ದಿನಗಟ್ಟಲೆ ಶಿಖರವೇ ಕಾಣದಿರಬಹುದು. ಯುರೋಪಿನ ಆಲ್ಪ್ಸ್‌ಗೆ ಹೋಗುವವರು ಏಪ್ರಿಲ್, ಮೇ ಮತ್ತು ನವೆಂಬರ್‌ನಲ್ಲಿ ಹುಷಾರಾಗಿರಬೇಕು. ಚಳಿಗಾಲದ ಸ್ಕೀ ಮುಗಿದು ಬೇಸಿಗೆ ಶುರುವಾಗುವ ಮೊದಲು, ಮತ್ತೆ ಬೇಸಿಗೆ ಮುಗಿದ ಮೇಲೆ, ಎಷ್ಟೋ ಕೇಬಲ್ ಕಾರ್‌ಗಳನ್ನು ರಿಪೇರಿಗೆ ಅಂತ ವಾರಗಟ್ಟಲೆ ನಿಲ್ಲಿಸುತ್ತಾರೆ. ಹೋಟೆಲ್ ಅಗ್ಗ ಸಿಕ್ಕಿತು ಅಂತ ಹೋದರೆ ಬೆಟ್ಟಕ್ಕೆ ದಾರಿಯೇ ಇರುವುದಿಲ್ಲ. ಡೆನ್ವರ್ ಬಳಿಯ ಟ್ರೇಲ್ ರಿಡ್ಜ್ ರಸ್ತೆ 3,700 ಮೀಟರ್ ದಾಟುತ್ತದೆ. ಹಿಮದಿಂದಾಗಿ ಸಾಮಾನ್ಯವಾಗಿ ಅಕ್ಟೋಬರ್ ನಡುವಿನಿಂದ ಮೇ ಕೊನೆಯವರೆಗೆ ಅದು ಮುಚ್ಚಿರುತ್ತದೆ.

ಚಳಿಗಾಲದಲ್ಲಿ ಇನ್ನೆರಡು ತೊಂದರೆ. ಸುತ್ತ ಬೆಟ್ಟ ಇರುವ ಬಟ್ಟಲಿನಂಥ ಊರುಗಳಲ್ಲಿ ತಣ್ಣನೆ ಗಾಳಿ ಕೆಳಗೆ ಕೂತು, ಅದರ ಮೇಲೆ ಬಿಸಿ ಗಾಳಿ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ಹೊಗೆ ಹೊರಗೆ ಹೋಗುವುದಿಲ್ಲ. ಕಾಠ್ಮಂಡು ಮತ್ತು ಅಮೆರಿಕದ ಸಾಲ್ಟ್ ಲೇಕ್ ಸಿಟಿ ಎರಡಕ್ಕೂ ಇದು ಪ್ರತಿ ಚಳಿಗಾಲದ ಕಾಟ. ಇನ್ನೊಂದು, ಬಿಸಿಲು. ದಕ್ಷಿಣಕ್ಕೆ ಎತ್ತರದ ಬೆಟ್ಟ ಇದ್ದರೆ ಊರಿಗೆ ಬೇಗ ನೆರಳು ಬೀಳುತ್ತದೆ. ನಾರ್ವೆಯ ರ್ಯೂಕನ್ ಎಂಬ ಊರಿನಲ್ಲಂತೂ ವರ್ಷದ ಅರ್ಧ ಭಾಗ ನೇರ ಬಿಸಿಲೇ ಬರುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ತಿರುಗಿಸಿದ್ದಾರೆ.

ಟಿಕೆಟ್ ತೆಗೆಯುವ ಮೊದಲು

ಕೇಬಲ್ ಕಾರ್ ಇರುವ ಬಹಳಷ್ಟು ಬೆಟ್ಟಗಳ ಮೇಲೆ ಈಗ ಲೈವ್ ಕ್ಯಾಮೆರಾ ಇರುತ್ತದೆ. ಊರಲ್ಲಿ ಮೋಡ ಇದ್ದು ಮೇಲೆ ಬಿಸಿಲು ಇರಬಹುದು, ಊರಲ್ಲಿ ಬಿಸಿಲಿದ್ದು ಮೇಲೆ ಏನೂ ಕಾಣದಿರಬಹುದು. ಎರಡು ನಿಮಿಷ ಕ್ಯಾಮೆರಾ ನೋಡಿ ಆಮೇಲೆ ಟಿಕೆಟ್ ತೆಗೆಯಿರಿ. ಗಾಳಿ ಜೋರಾಗಿದ್ದರೂ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಆಕಾಶ ತಿಳಿಯಾಗಿದ್ದರೂ ಸರಿ. ಹಲ್ಲುಹಳಿ ರೈಲಿಗೆ ಗಾಳಿಯ ತೊಂದರೆ ಕಮ್ಮಿ. ಎರಡೂ ಇರುವ ಬೆಟ್ಟ ಸಿಕ್ಕರೆ ಅದು ನಿಮಗೆ ಅನುಕೂಲ.

ಬಟ್ಟೆಯ ಲೆಕ್ಕ ಸುಲಭ. ಸರಾಸರಿ 1,000 ಮೀಟರ್ ಹತ್ತಿದರೆ 6.5 ಡಿಗ್ರಿ ಕಮ್ಮಿಯಾಗುತ್ತದೆ. ಇನ್ಸ್‌ಬ್ರುಕ್ ಪೇಟೆಯಲ್ಲಿ 25 ಡಿಗ್ರಿ ಇದ್ದರೆ ಹಾಫೆಲೆಕಾರ್ ಮೇಲೆ 14ರ ಆಸುಪಾಸು. ಗಾಳಿ ಬೀಸಿದರೆ ಇನ್ನೂ ತಣ್ಣಗೆ ಅನ್ನಿಸುತ್ತದೆ. ಸ್ವೆಟರ್‌ಗಿಂತ ಗಾಳಿ ತಡೆಯುವ ತೆಳು ಜಾಕೆಟ್ ಅಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಹಿಮ ಇದ್ದರೆ ತಂಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣವನ್ನು 80 ಶೇಕಡಾದವರೆಗೂ ವಾಪಸ್ ಹೊಡೆಯುತ್ತದೆ.

ಇನ್ನು ಹೋಟೆಲ್. ಸ್ಟೇಷನ್ ಹತ್ತಿರ ಅಂತ ಬುಕ್ ಮಾಡುವ ಮೊದಲು ಬೆಟ್ಟ ಯಾವ ದಿಕ್ಕಿಗಿದೆ ಅಂತ ನಕ್ಷೆಯಲ್ಲಿ ನೋಡಿ, ಆ ದಿಕ್ಕಿನ ಕೋಣೆ ಕೇಳಿ. ಡಾರ್ಜಿಲಿಂಗ್‌ನಲ್ಲಿ ನನಗೆ ಆ ಕೋಣೆ ಸಿಕ್ಕಿದ್ದು ಅದೃಷ್ಟದಿಂದ. ಈಗ ಕೇಳಿಯೇ ತೆಗೆದುಕೊಳ್ಳುತ್ತೇನೆ. ವಾಪಸ್ ಹೊರಡುವ ಗಾಡಿಯನ್ನು ಆದಷ್ಟೂ ಸಂಜೆಗೆ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಕೋಣೆ ಖಾಲಿ ಮಾಡಿ, ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಹೊರಟರೆ, ಮಲಗಿದ್ದು ಎರಡೇ ರಾತ್ರಿಯಾದರೂ ಆ ಕೊನೆಯ ದಿನದ ಬೆಳಗ್ಗೆಯೂ ಪೂರ್ತಿ ನಿಮಗೆ ಸಿಗುತ್ತದೆ.